ತಿಗರಿಯ ಮುಂದೆ ಕೂತ ಚಿತ್ರಕಾರ

ಕೋಬಾಲ್ಟ್ ಆಕ್ಸೈಡಿನ ಪುಡಿ ಕಪ್ಪು. ನೀರಿನಲ್ಲಿ ಕದಡಿ ಕುಂಚಕ್ಕೆ ತೆಗೆದುಕೊಂಡಾಗಲೂ ಕಪ್ಪೇ, ಪಾತ್ರೆಯ ಮೈಮೇಲೆ ಗೆರೆ ಎಳೆದಾಗಲೂ ಕಪ್ಪೇ. ಆ ಪಾತ್ರೆ ಭಟ್ಟಿ ಹೊಕ್ಕು, 1250 ಡಿಗ್ರಿ ಸೆಲ್ಸಿಯಸ್‌ನ ಆಚೀಚೆ ಬೆಂದು, ತಣಿದು ಹೊರಗೆ ಬಂದ ಮೇಲೆಯೇ ಗೆರೆ ನೀಲಿಯಾಗಿ ಕಾಣುವುದು. ತಾಮ್ರದ ಆಕ್ಸೈಡೂ ಹಾಗೆಯೇ. ಭಟ್ಟಿಯಲ್ಲಿ ಗಾಳಿ ಧಾರಾಳವಾಗಿ ಆಡಿದರೆ ಹಸಿರು ಕೊಡುತ್ತದೆ, ಗಾಳಿ ಕಟ್ಟಿ ಹೊಗೆ ತುಂಬಿಸಿದರೆ ಕೆಂಪು ಕೊಡುತ್ತದೆ. ಕಬ್ಬಿಣದ ಲೆಕ್ಕ ಇನ್ನೂ ಬೇರೆ. ಅಂಥದೇ ಹೊಗೆಯ ಭಟ್ಟಿಯಲ್ಲಿ, ಪಾತ್ರೆಗೆ ಗಾಜಿನ ಹೊಳಪು ಕೊಡುವ ಗ್ಲೇಜಿನೊಳಗೆ ನೂರಕ್ಕೆ ಒಂದೆರಡು ಪಾಲು ಬೆರೆತರೆ ಬೂದು ಮಿಶ್ರಿತ ತಿಳಿಹಸಿರು. ಎಂಟು ಹತ್ತು ಪಾಲಿಗೆ ಏರಿಸಿದರೆ ಅಂಚಿನಲ್ಲಿ ಕಂದು ಇಣುಕುವ ಗಾಢ ಕಪ್ಪು.

ಕಾಗದದ ಮೇಲೆ ಬಣ್ಣ ಹಚ್ಚುವವರಿಗೆ ತಾವು ಹಚ್ಚಿದ್ದು ಆ ಕ್ಷಣವೇ ಕಾಣುತ್ತದೆ. ಪಕ್ಕದ ಬಣ್ಣದ ಜೊತೆ ಹೊಂದದಿದ್ದರೆ ಒರೆಸಬಹುದು, ಮೇಲೆ ಇನ್ನೊಂದು ಪದರ ಬಳಿಯಬಹುದು, ಎರಡು ಹೆಜ್ಜೆ ಹಿಂದೆ ಸರಿದು ನಿಂತು ಯೋಚಿಸಬಹುದು. ಮಣ್ಣಿನ ಮೇಲೆ ಬರೆಯುವವರು ಕಾಣದ ಬಣ್ಣವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಬೇಕು. ಬರೆದಾದ ಮೇಲೆ ಪಾತ್ರೆಯನ್ನು ಬೆಂಕಿಯ ಕೈಗೆ ಒಪ್ಪಿಸಬೇಕು. ಕಾಗದದ ಮೇಲೆ ಪಳಗಿದ ಕೈಗೆ ಇದು ಸಣ್ಣ ಬದಲಾವಣೆಯಲ್ಲ. ದೇವಿ ಪ್ರಸಾದರ ಬಗ್ಗೆ ಓದುವಾಗೆಲ್ಲ ನನ್ನ ಮನಸ್ಸು ಈ ಜಾಗಕ್ಕೆ ಬಂದು ನಿಲ್ಲುತ್ತದೆ. ಶಾಂತಿನಿಕೇತನದಲ್ಲಿ ಚಿತ್ರ ಕಲಿತವರು, ಗಾಂಧೀಜಿಯ ಆಶ್ರಮದ ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಕಲಿಸಿದವರು, ಲಂಡನ್ನಿನಲ್ಲಿ ಕೂತು ಯುದ್ಧಗಳ ವಿರುದ್ಧ ದುಡಿದವರು. ಇಷ್ಟರ ನಡುವೆಯೂ ತಿಗರಿಯನ್ನು ಬಿಡದೆ, ಭಾರತದ ಸ್ಟುಡಿಯೋ ಪಾಟರಿಯ ಮೊದಲ ತಲೆಮಾರಿನವರಲ್ಲಿ ಒಬ್ಬರೆನಿಸಿಕೊಂಡರು. ಇಷ್ಟೆಲ್ಲ ಒಬ್ಬರೇ ಹೇಗೆ ಮಾಡಿದರು ಎಂದು ಬೆರಗುಪಡುವವರಿದ್ದಾರೆ. ನನಗಂತೂ ಇವೆಲ್ಲ ಬೇರೆ ಬೇರೆ ಕೆಲಸಗಳು ಅಂತ ಅನ್ನಿಸುವುದೇ ಇಲ್ಲ.

ಅವರು ಹುಟ್ಟಿದ್ದು 1921ರಲ್ಲಿ, ಡೆಹ್ರಾಡೂನಿನಲ್ಲಿ. ಶಾಂತಿನಿಕೇತನದ ಕಲಾಭವನಕ್ಕೆ ಸೇರಿದ್ದು 1938ರಲ್ಲಿ. ಆ ವರ್ಷದ ಆರಂಭದಲ್ಲೇ ಅಲ್ಲಿನ ಗುರು ನಂದಲಾಲ್ ಬೋಸರು ಗಾಂಧೀಜಿಯ ಮಾತಿನಂತೆ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ಚಿತ್ರಗಳನ್ನು ಬರೆದುಕೊಟ್ಟಿದ್ದರು. ಹತ್ತಿ ಎಕ್ಕುವವ, ಡೋಲು ಬಾರಿಸುವವ, ಭತ್ತ ಕುಟ್ಟುವ ಹೆಂಗಸರು ಆ ಚಿತ್ರಗಳಲ್ಲಿದ್ದರು. ಅಗ್ಗದ ಸಾಮಗ್ರಿ, ಮಣ್ಣಿನ ಬಣ್ಣ, ದಾರಿಯಲ್ಲಿ ಹೋಗುವ ರೈತರೂ ನಿಂತು ನೋಡುವಂಥ ದಪ್ಪ ಗೆರೆ. ನಂದಲಾಲರು ನಮಗೆ ಅಪರಿಚಿತರೇನಲ್ಲ. ನಮ್ಮ ಚಿತ್ರಕಾರ ಕೆ. ವೆಂಕಟಪ್ಪನವರೂ ಅವರೂ ಕಲ್ಕತ್ತೆಯಲ್ಲಿ ಅಬನೀಂದ್ರನಾಥ ಟಾಗೋರರ ಕೈಕೆಳಗೆ ಕಲಿತವರು. ದೇವಿ ಪ್ರಸಾದರು ಕಲಾಭವನದಲ್ಲಿದ್ದ ಕಾಲಕ್ಕೇ ಧಾರವಾಡದ ದಿನಕರ ಕೌಶಿಕರೂ ಅಲ್ಲಿ ವಿದ್ಯಾರ್ಥಿ. ಮುಂದೆ ಅದೇ ಕಲಾಭವನಕ್ಕೆ ಪ್ರಾಂಶುಪಾಲರಾದವರು. ಸತ್ಯಜಿತ್ ರಾಯ್ ಕೂಡ 1940ರಿಂದ 42ರವರೆಗೆ ಅದೇ ಅಂಗಳದಲ್ಲಿದ್ದರು. ರವೀಂದ್ರರು 1941ರ ಆಗಸ್ಟಿನಲ್ಲಿ ತೀರಿಕೊಂಡರು. ಅಂದರೆ ಈ ಹುಡುಗರು ಗುರುದೇವರ ಕೊನೆಯ ವರ್ಷಗಳನ್ನು ಹತ್ತಿರದಿಂದ ಕಂಡವರು.

ಕಲಾಭವನದ ಆವರಣದಲ್ಲಿ ಕಾಲೋ ಬಾರಿ ಎಂಬ ಕರಿ ಮನೆಯೊಂದಿದೆ. 1930ರ ದಶಕದಲ್ಲಿ ಗುರುಗಳೂ ವಿದ್ಯಾರ್ಥಿಗಳೂ ಸೇರಿ ಮೆತ್ತಿದ ಮಣ್ಣಿನ ಮನೆ. ಗೋಡೆಗೆ ಕೈಯಿಂದಲೇ ಮಣ್ಣಿನ ಉಬ್ಬುಚಿತ್ರಗಳನ್ನು ಮೂಡಿಸಿ, ಮಳೆಗೆ ಕರಗದಿರಲಿ ಎಂದು ಮೇಲೆ ಡಾಂಬರು ಬಳಿದಿದ್ದಾರೆ. ಹೊರಗಡೆ ರಾಮಕಿಂಕರ ಬೈಜರು ಸಿಮೆಂಟು, ಜಲ್ಲಿ ಸೇರಿಸಿ ಸಂತಾಲ ಸಂಸಾರದ ದೊಡ್ಡ ಶಿಲ್ಪವನ್ನು ನಿಲ್ಲಿಸಿದ್ದೂ 1938ರಲ್ಲೇ. ಹದಿನೇಳು ವರ್ಷದ ಹುಡುಗನೊಬ್ಬ ಇಂಥ ಕಡೆ ಬಂದಿಳಿದರೆ, ಚಿತ್ರವೆಂದರೆ ಚೌಕಟ್ಟಿನೊಳಗೆ ಗೋಡೆಗೆ ತೂಗುಹಾಕುವ ವಸ್ತು ಎಂಬ ಕಲ್ಪನೆ ಅವನಲ್ಲಿ ಬೇರೂರುವುದಾದರೂ ಹೇಗೆ? ಅಲ್ಲಿ ಗೋಡೆಯೇ ಚಿತ್ರ, ನೆಲದ ಮೇಲಿನ ಆಲ್ಪನಾ ರಂಗೋಲಿ ಚಿತ್ರ, ನಾಟಕದ ಉಡುಪು ಚಿತ್ರ, ಕಾರ್ಡಿನ ಮೂಲೆಯಲ್ಲಿ ನಂದಲಾಲರು ಗೀಚಿ ಕಳಿಸುತ್ತಿದ್ದ ಮೇಕೆಮರಿಯೂ ಚಿತ್ರ. ದೇವಿ ಪ್ರಸಾದರು ಮುಂದೆ ಮಣ್ಣಿಗೆ ಕೈ ಹಾಕಿದ್ದಕ್ಕೆ ಬೇರು ಇಲ್ಲಿಯೇ ಇದೆ ಎಂದು ನನ್ನ ನಂಬಿಕೆ.

1944ರಲ್ಲಿ ಅವರು ವಾರ್ಧಾ ಪಕ್ಕದ ಸೇವಾಗ್ರಾಮಕ್ಕೆ ಕಲಾಶಿಕ್ಷಕರಾಗಿ ಹೋದರು. ಈ ಘಟ್ಟದಲ್ಲಿ ಸ್ವಲ್ಪ ನಿಲ್ಲಬೇಕು. ಹಿಂದೂಸ್ತಾನಿ ತಾಲೀಮಿ ಸಂಘದ ಆರ್ಯನಾಯಕಂ ಮತ್ತು ಆಶಾದೇವಿ ದಂಪತಿ ನಡೆಸುತ್ತಿದ್ದ ನಯೀ ತಾಲೀಮ್ ಶಾಲೆ ಅದು. ಮಗು ಕೈಕೆಲಸದ ಮೂಲಕವೇ ಓದು, ಲೆಕ್ಕ, ಭೂಗೋಳ ಎಲ್ಲವನ್ನೂ ಕಲಿಯಬೇಕು ಎಂದು ಗಾಂಧೀಜಿ 1937ರ ವಾರ್ಧಾ ಸಮ್ಮೇಳನದಲ್ಲಿ ಮುಂದಿಟ್ಟ ಯೋಜನೆ. ನೂಲುವುದು, ನೇಯುವುದು, ಬೇಸಾಯ ಅಲ್ಲಿನ ಮುಖ್ಯ ಪಾಠ. ಮಕ್ಕಳ ಕೈಕೆಲಸದ ಆದಾಯದಿಂದಲೇ ಶಾಲೆಯ ಖರ್ಚು ಆದಷ್ಟೂ ತೂಗಬೇಕು ಎಂಬ ಬಯಕೆಯೂ ಜೊತೆಗಿತ್ತು. ಮಣ್ಣಿನ ಗೋಡೆ, ಹೆಂಚಿನ ಮಾಡು, ಬೆಳಗಿನ ಪ್ರಾರ್ಥನೆ, ಒಂದೊಂದು ತುಂಡು ಹತ್ತಿಗೂ ಲೆಕ್ಕ. ಬೇಂದ್ರೆಯವರ ಧಾರವಾಡದಲ್ಲೋ ಕುವೆಂಪು ಅವರ ಮೈಸೂರಿನಲ್ಲೋ ಆ ಕಾಲಕ್ಕೆ ಖಾದಿ ಉಟ್ಟು ಓಡಾಡುತ್ತಿದ್ದ ಎಷ್ಟೋ ಮಂದಿ ಈ ಶಾಲೆಯ ಬಗ್ಗೆ ಗೌರವದಿಂದ ಮಾತಾಡಿರಬೇಕು. ಆದರೆ ಅಲ್ಲಿ ಚಿತ್ರಕಲೆಗೆ ಏನು ಕೆಲಸ ಎಂಬ ಪ್ರಶ್ನೆ ಅವರಿಗೂ ಎದ್ದಿರಬೇಕು. ಒಂದು ಹೊತ್ತಿನ ಊಟಕ್ಕೂ ಪರದಾಡುವ ಹಳ್ಳಿಯಲ್ಲಿ ಮಗು ಹೂವಿನ ಚಿತ್ರ ಬರೆದರೆ ಯಾರಿಗೇನು ಬಂತು?

ದೇವಿ ಪ್ರಸಾದರು ಈ ಪ್ರಶ್ನೆಗೆ ಹತ್ತಿರ ಹತ್ತಿರ ಎರಡು ದಶಕ, 1962ರವರೆಗೆ, ಅಲ್ಲೇ ಇದ್ದು ಉತ್ತರ ಕೊಟ್ಟರು. ಶಾಂತಿನಿಕೇತನ ಅವರಿಗೆ ಸೌಂದರ್ಯವನ್ನು ಕಲಿಸಿತ್ತು, ಸೇವಾಗ್ರಾಮ ಅದನ್ನು ಬಳಕೆಯ ಜೊತೆ ಹೊಂದಿಸುವುದನ್ನು ಕಲಿಸಿತು. ಪಾಠ ಮಾಡಿದರು, ಚಿತ್ರ ಬರೆದರು, ಆಶ್ರಮದ ಬದುಕನ್ನು ಕ್ಯಾಮೆರಾದಲ್ಲಿ ಹಿಡಿದರು, 'ನಯೀ ತಾಲೀಮ್' ಪತ್ರಿಕೆಯ ಸಂಪಾದಕರಾದರು, ವಿನೋಬಾ ಅವರ ಭೂದಾನದ ಕೆಲಸದಲ್ಲಿ ಓಡಾಡಿದರು. ಮಣ್ಣು ಅವರ ಕೈ ಹಿಡಿದದ್ದೂ ಈ ವರ್ಷಗಳಲ್ಲೇ. ಆಶ್ರಮದ ಕಟ್ಟುನಿಟ್ಟಿನ ಲೆಕ್ಕದಲ್ಲಿ ಚಿತ್ರಕ್ಕೆ ಸಿಗದ ಜಾಗ ಮಡಕೆಗೆ ಸಿಗುತ್ತದೆ. ನೀರು ತುಂಬಲು ಹೂಜಿ ಬೇಕು, ಮೊಸರಿಗೆ ಕುಡಿಕೆ ಬೇಕು, ಉಣ್ಣಲು ತಟ್ಟೆ ಬೇಕು. ಅವು ಚಂದವಾಗಿಯೂ ಇದ್ದರೆ ಬೇಡವೆನ್ನುವವರು ಯಾರು?

ತಿಗರಿಯ ಮುಂದೆ ಕೂತವರು ಮೊದಲು ಕಲಿಯುವುದು ಮಣ್ಣನ್ನು ನಡುವಿಗೆ ತರುವುದನ್ನು. ಮುದ್ದೆ ಒಂದು ಕೂದಲೆಳೆಯಷ್ಟು ಆಚೀಚೆ ಕೂತರೂ ಗೋಡೆ ಏಳುವಾಗ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ತುಸು ಎತ್ತರಕ್ಕೆ ಹೋಗುವಷ್ಟರಲ್ಲಿ ಬಳುಕಿ ಕುಸಿಯುತ್ತದೆ. ಬಲ ಹಾಕಿ ಗೆಲ್ಲುವ ಕೆಲಸ ಇದಲ್ಲ. ಮೊಣಕೈಯನ್ನು ತೊಡೆಗೆ ಊರಿ, ಅಂಗೈ ಅಲ್ಲಾಡದಂತೆ ಹಿಡಿದು, ಮಣ್ಣು ತಾನಾಗಿ ಸುಮ್ಮನಾಗುವವರೆಗೆ ಕಾಯಬೇಕು. ಆಮೇಲೆ ಹೆಬ್ಬೆರಳು ಒಳಗಿಳಿಯುತ್ತದೆ, ಬಾಯಿ ತೆರೆಯುತ್ತದೆ, ಒಳಗಿನ ಬೆರಳೂ ಹೊರಗಿನ ಬೆರಳೂ ಒಂದಕ್ಕೊಂದು ಎದುರಾಗಿ ಗೋಡೆಯನ್ನು ಮೇಲಕ್ಕೆತ್ತುತ್ತವೆ. ದಾರದಿಂದ ತಳ ಕತ್ತರಿಸಿ ಇಳಿಸಿದ ಪಾತ್ರೆ ಒಣಗುತ್ತಾ, ಬೇಯುತ್ತಾ ಹತ್ತರಲ್ಲಿ ಒಂದು ಪಾಲಿನಷ್ಟು ಕುಗ್ಗುತ್ತದೆ. ಅದನ್ನು ಮೊದಲೇ ಎಣಿಸಿ ದೊಡ್ಡದು ಮಾಡಬೇಕು. ಬೇಯುವಾಗ 573 ಡಿಗ್ರಿಯ ಹತ್ತಿರ ಮಣ್ಣೊಳಗಿನ ಬೆಣಚುಕಲ್ಲಿನ ಹರಳು ಥಟ್ಟನೆ ಹಿಗ್ಗುತ್ತದೆ, ತಣಿಯುವಾಗ ಅಲ್ಲೇ ಮತ್ತೆ ಕುಗ್ಗುತ್ತದೆ. ಅವಸರ ಮಾಡಿದರೆ ಪಾತ್ರೆ ಸೀಳುತ್ತದೆ. ಊರ ಕುಂಬಾರರು ಈ ಅಂಕಿಯನ್ನು ಕೇಳಿರಲಿಕ್ಕಿಲ್ಲ. ಆದರೆ ಆವಿಗೆಗೆ ಮೊದಲು ಎಷ್ಟು ಹೊತ್ತು ಸಣ್ಣ ಬೆಂಕಿ ಕೊಡಬೇಕೆಂಬುದು ಅವರಿಗೆ ಚೆನ್ನಾಗಿ ಗೊತ್ತು.

ಬೆಂಗಳೂರಿನ ಹೊರವಲಯದಲ್ಲಿ ನನ್ನ ಗೆಳತಿಯೊಬ್ಬಳು ಸ್ಟುಡಿಯೋ ಇಟ್ಟುಕೊಂಡಿದ್ದಾಳೆ. ಅವಳು ಬಟ್ಟಲುಗಳಿಗೆ ಚಿತ್ರ ಬರೆಯುವುದನ್ನು ನೋಡಲೆಂದೇ ನಾನು ಅಲ್ಲಿಗೆ ಹೋಗುತ್ತೇನೆ. ಒಮ್ಮೆ ಸುಟ್ಟ ಬಟ್ಟಲನ್ನು ಗ್ಲೇಜಿನ ಬಕೆಟ್ಟಿನಲ್ಲಿ ಮುಳುಗಿಸಿ ತೆಗೆದಾಗ, ಬಿಳಿ ಹಾಲು ಅರೆಗಳಿಗೆಯಲ್ಲಿ ಆರಿ, ಮೈಮೇಲೆ ಸುಣ್ಣದ ಪುಡಿಯ ಪದರ ಉಳಿಯುತ್ತದೆ. ಬೆರಳು ತಾಗಿದರೆ ಉದುರುತ್ತದೆ. ಅದರ ಮೇಲೆ ಅವಳು ಕಬ್ಬಿಣದ ಆಕ್ಸೈಡಿನಲ್ಲಿ ಅದ್ದಿದ ಉದ್ದ ಕೂದಲ ಕುಂಚವನ್ನು ಇಳಿಸುತ್ತಾಳೆ. ಆ ಪುಡಿ ಮೈ ಕುಂಚದ ನೀರನ್ನು ಮುಟ್ಟಿದ ಕೂಡಲೇ ಹೀರಿಬಿಡುತ್ತದೆ. ತಡೆದರೆ ಅಲ್ಲೇ ಮಚ್ಚೆ, ಎರಡನೇ ಸಲ ಎಳೆದರೆ ಪದರವೇ ಕಿತ್ತು ಬರುತ್ತದೆ. ಅಳಿಸಿ ತಿದ್ದುವ ಮಾತೇ ಇಲ್ಲ. ಎಡಗೈಯಲ್ಲಿ ಬಟ್ಟಲು ತಿರುಗುತ್ತಿರುತ್ತದೆ, ಬಲಗೈ ಒಂದೇ ಉಸಿರಿನಲ್ಲಿ ಹುಲ್ಲಿನ ಗರಿಯನ್ನು ಬರೆದು ಮುಗಿಸುತ್ತದೆ. "ಕೈಗೆ ಅನುಮಾನ ಬಂದ್ರೆ ಗೆರೆಗೆ ಗೊತ್ತಾಗ್ಬಿಡತ್ತೆ, ನೋಡು," ಎನ್ನುತ್ತಾಳೆ. ಹಾಗೆ ಬರೆದ ಗರಿ ಭಟ್ಟಿಯಿಂದ ಬರುವಾಗ ಇನ್ನೊಂದು ರೂಪ ಪಡೆದಿರುತ್ತದೆ. ಗ್ಲೇಜು ಕರಗಿ ಹರಿಯುವಾಗ ಅಂಚು ತುಸು ಮೆತ್ತಗಾಗಿ, ಕಬ್ಬಿಣ ಒಳಕ್ಕಿಳಿದು, ಗೆರೆ ಪಾತ್ರೆಯ ಮೈಯೊಳಗಿನಿಂದಲೇ ಹುಟ್ಟಿದ ಹಾಗೆ ಕಾಣುತ್ತದೆ.

ನಂದಲಾಲರ ಶಿಷ್ಯರಿಗೆ ಈ ಒಂದೇ ಉಸಿರಿನ ಗೆರೆ ಹೊಸದಲ್ಲ. ಚೀನಾ, ಜಪಾನಿನ ಮಸಿಚಿತ್ರದ ಶಿಸ್ತು ಕಲಾಭವನದ ಪಾಠದಲ್ಲೇ ಇತ್ತು. ಹಾಗಾಗಿ ಚಿತ್ರಕಾರ ದೇವಿ ಪ್ರಸಾದರು ಕುಂಬಾರರಾದಾಗ ಕುಂಚವನ್ನು ಕೆಳಗಿಡಲಿಲ್ಲ. ಇಷ್ಟು ದಿನ ಕಾಗದದ ಮೇಲೆ ಆಡುತ್ತಿದ್ದ ಗೆರೆ ಈಗ ಬಾಗಿದ ಮೈಮೇಲೆ ಸುತ್ತಬೇಕಾಯಿತು, ಬಣ್ಣದ ಕೊನೆಯ ಮಾತನ್ನು ಬೆಂಕಿಗೆ ಬಿಟ್ಟುಕೊಡಬೇಕಾಯಿತು. ತನ್ನದೇ ನಡೆಯಬೇಕು ಎಂದು ಹಟ ಹಿಡಿಯುವವರಿಗೆ ಒಲಿಯದ ಕಸುಬು ಇದು.

ಚಿತ್ರ ಬರೆಯುವ ಕುಂಬಾರ ಎಂದರೆ ಆಧುನಿಕ ಕಲೆಯ ವಿಶೇಷ ಎಂದು ನಮ್ಮ ಪತ್ರಿಕೆಗಳಲ್ಲಿ ಬರೆಯುವುದುಂಟು. ಉತ್ತರ ಕರ್ನಾಟಕದ ಮದುವೆ ಮನೆಗಳನ್ನು ಕಂಡವರು ಅದನ್ನು ಒಪ್ಪುವುದು ಕಷ್ಟ. ಮದುವೆಗೆ ಐರಾಣಿ ತರುವ ಶಾಸ್ತ್ರ ಈಗಲೂ ಇದೆ. ಹಳೇ ಮೈಸೂರಿನ ಕಡೆ ಅರಿವೇಣಿ ಎನ್ನುತ್ತಾರೆ. ವಾಲಗದವರನ್ನು ಮುಂದಿಟ್ಟುಕೊಂಡು ಮುತ್ತೈದೆಯರು ಕುಂಬಾರರ ಮನೆಗೆ ಹೋಗುತ್ತಾರೆ, ಆ ಮನೆಯವ್ವನಿಗೆ ಉಡಿ ತುಂಬುತ್ತಾರೆ, ಕಾಳುಕಡಿ ಕೊಟ್ಟು, ಬಣ್ಣ ಬರೆದ ಗಡಿಗೆಗಳನ್ನು ತಲೆಯ ಮೇಲೆ ಹೊತ್ತು ತರುತ್ತಾರೆ. ನಾನು ಚಿಕ್ಕಂದಿನಲ್ಲಿ ಚಿಕ್ಕಮ್ಮನ ಮದುವೆಗೆ ಹೀಗೆ ಅಜ್ಜಿಯ ಸೆರಗು ಹಿಡಿದು ಹೋಗಿದ್ದೆ. ಕಟ್ಟೆಯ ಮೇಲೆ ಕೂತ ಕುಂಬಾರರ ಅವ್ವ ಕಡ್ಡಿಯ ತುದಿಗೆ ಅರಿವೆ ಸುತ್ತಿಕೊಂಡು ಕೆಂಪು ಗಡಿಗೆಯ ಮೇಲೆ ಸುಣ್ಣದಲ್ಲಿ ಬರೆಯುತ್ತಿದ್ದಳು. ಕುತ್ತಿಗೆಗೆ ಸಾಲು ಚುಕ್ಕೆ, ಹೊಟ್ಟೆಗೆ ಬಳ್ಳಿ, ನಡುವೆ ಎದುರುಬದುರು ಗಿಳಿ. ಅಜ್ಜಿ ಅವಸರ ಮಾಡಿದ್ದಕ್ಕೆ ಆಕೆ ತಲೆಯೆತ್ತದೆ ಹೇಳಿದ್ದು ನೆನಪಿದೆ: "ಇನ್ನ ಗಡಿಗಿ ಐತ್ರಿ ಯವ್ವಾ, ಬರದ ಮುಗಿದ ಮ್ಯಾಲೆ ಐರಾಣಿ ಆಗ್ತೈತಿ." ಮಣ್ಣಿನ ಪಾತ್ರೆ ದೇವರ ಮುಂದೆ ಕೂರುವ ಅರ್ಹತೆ ಪಡೆಯುತ್ತಿದ್ದದ್ದು ಆ ತಾಯಿಯ ಸುಣ್ಣದ ಗೆರೆಯಿಂದ. ಗಂಡ ತಿಗರಿ ತಿರುವುವವನು, ಹೆಂಡತಿ ಬರೆಯುವವಳು. ಇಬ್ಬರ ಹೆಸರೂ ಯಾವ ಕ್ಯಾಟಲಾಗಿನಲ್ಲೂ ಇಲ್ಲ.

ಈ ಮಾತು ಬಂದಮೇಲೆ ಜಾತಿಯ ವಿಷಯ ತಪ್ಪಿಸಿಕೊಂಡು ಮುಂದೆ ಹೋಗುವಂತಿಲ್ಲ. ಕುಂಬಾರಿಕೆ ನಮ್ಮಲ್ಲಿ ಹುಟ್ಟಿನಿಂದ ಬರುವ ಕಸುಬು. ಸ್ಟುಡಿಯೋ ಪಾಟರಿ ಆರಿಸಿಕೊಂಡು ಮಾಡುವ ಕೆಲಸ. ಸರ್ದಾರ್ ಗುರುಚರಣ್ ಸಿಂಗ್ ಜಪಾನಿಗೆ ಹೋಗಿ ಕಲಿತು ಬಂದು ದೆಹಲಿಯಲ್ಲಿ ಬ್ಲೂ ಪಾಟರಿ ನಡೆಸಿದರು. ಅಮೆರಿಕದಿಂದ ಬಂದ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಲ್ಲಿ ಪುದುಚೇರಿಯಲ್ಲಿ ಗೋಲ್ಡನ್ ಬ್ರಿಜ್ ಪಾಟರಿ ಕಟ್ಟಿದರು. ಬೆಂಗಳೂರಿನ ಕೆಲವು ಸ್ಟುಡಿಯೋಗಳಿಗೂ ಅಲ್ಲಿಂದ ದಾರಿ ಇದೆ. ದೇವಿ ಪ್ರಸಾದರು ಚಿತ್ರ ಕಲಿತು, ಬೇಕೆಂದೇ ಮಣ್ಣಿಗೆ ಬಂದವರು. ಇವರೆಲ್ಲರ ಬಟ್ಟಲು ಗ್ಯಾಲರಿಯಲ್ಲಿ ಕೂರುವ ಹೊತ್ತಿಗೇ ಅಲ್ಯುಮಿನಿಯಂ, ಸ್ಟೀಲು, ಪ್ಲಾಸ್ಟಿಕ್ ಕೊಡ ಊರ ಕುಂಬಾರರನ್ನು ಸಂತೆಯ ಮೂಲೆಗೆ ತಳ್ಳಿದವು. ಹರಿಹರ ಕವಿ ರಗಳೆ ಬರೆದು ಕೊಂಡಾಡಿದ ಕುಂಬಾರ ಗುಂಡಯ್ಯ ಮಡಕೆ ತಟ್ಟುವ ಸದ್ದಿಗೆ ಶಿವನೇ ಬಂದು ಕುಣಿದ ಕಥೆಯನ್ನು ನಾವು ಭಕ್ತಿಯಿಂದ ಕೇಳುತ್ತೇವೆ. ಗುಂಡಯ್ಯನ ಕುಲದವರು ತಂದ ಮಡಕೆಗೆ ಮಾತ್ರ ಹತ್ತು ರೂಪಾಯಿ ಕಡಿಮೆ ಮಾಡೆಂದು ಚೌಕಾಸಿ ಮಾಡುತ್ತೇವೆ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯಿದೆ. ಗಾಂಧೀಜಿಯ ಗ್ರಾಮೋದ್ಯೋಗದ ಕನಸು ನಮ್ಮ ನೆಲದಲ್ಲಿ ಉಳಿಸಿರುವ ಗುರುತು ಅದು. ಅದರ ಹೆಸರು ನಮ್ಮ ಕಲಾಶಾಲೆಗಳ ಮಾತುಕತೆಯಲ್ಲಿ ಬರುವುದು ಅಪರೂಪ.

ಆರಿಸಿಕೊಂಡು ಬಂದವರ ಮೇಲೆ ನನಗೆ ಕೋಪವಿಲ್ಲ. ಹುಟ್ಟಿನ ಕಟ್ಟು ಇಲ್ಲದೆ, ಮಣ್ಣು ಮೆತ್ತಿಕೊಳ್ಳುವ ಕೆಲಸವನ್ನು ಓದಿದವರು ಗೌರವದಿಂದ ಮಾಡಿದರೆ ಆ ಗೌರವ ಕಸುಬಿಗೂ ಒಂದಿಷ್ಟು ಹರಿದು ಬರಬೇಕು. ನಯೀ ತಾಲೀಮಿನ ಆಸೆಯೇ ಅದಾಗಿತ್ತು. ಬ್ರಾಹ್ಮಣರ ಮಗುವೂ ಹರಿಜನರ ಮಗುವೂ ಒಂದೇ ಚಾವಡಿಯಲ್ಲಿ ಕೂತು ಅದೇ ತಕಲಿ, ಅದೇ ಮಣ್ಣು ಹಿಡಿದರೆ, ಕೈಕೆಲಸಕ್ಕೆ ಅಂಟಿದ ಕೀಳರಿಮೆ ಒಂದು ತಲೆಮಾರಿನಲ್ಲಿ ತೊಳೆದುಹೋದೀತು ಎಂದು ಅದನ್ನು ಕಟ್ಟಿದವರು ನಂಬಿದ್ದರು. ದೇವಿ ಪ್ರಸಾದರು ಆ ನಂಬಿಕೆಯನ್ನು ಮಾತಿನಲ್ಲಿ ಬಿಡದೆ ತಾವೇ ತಿಗರಿಯ ಮುಂದೆ ಕೂತರು.

1962ರಲ್ಲಿ ಅವರ ಬದುಕು ಇನ್ನೊಂದು ತಿರುವು ತೆಗೆದುಕೊಂಡಿತು. ವಾರ್ ರೆಸಿಸ್ಟರ್ಸ್ ಇಂಟರ್‌ನ್ಯಾಷನಲ್ ಎಂಬ ಯುದ್ಧವಿರೋಧಿ ಸಂಘಟನೆಯ ಪ್ರಧಾನ ಕಾರ್ಯದರ್ಶಿಯಾಗಿ ಲಂಡನ್ನಿಗೆ ಹೋದರು. ಆ ಸಂಘಟನೆ ಶುರುವಾದದ್ದು ಅವರು ಹುಟ್ಟಿದ 1921ರಲ್ಲೇ, ಹಾಲೆಂಡಿನ ಬಿಲ್ತೋವೆನ್ ಎಂಬ ಊರಿನಲ್ಲಿ. ಎರಡು ಕೈಗಳು ಬಂದೂಕೊಂದನ್ನು ಮುರಿಯುತ್ತಿರುವ ಚಿತ್ರ ಅದರ ಲಾಂಛನ. ಯಾವ ದೇಶದಲ್ಲೇ ಆಗಲಿ, ಕೊಲ್ಲಲಾರೆ ಎಂದು ಸೈನ್ಯಕ್ಕೆ ಸೇರಲು ಒಪ್ಪದ ಹುಡುಗರ ಬೆನ್ನಿಗೆ ನಿಲ್ಲುವುದು ಅದರ ಕೆಲಸ. ವಿಯೆಟ್ನಾಂ ಯುದ್ಧದ ಕಾಲವದು. ಸೈನ್ಯ ಬಿಟ್ಟು ಬಂದ ಅಮೆರಿಕದ ಸೈನಿಕರಿಗೆ ಯೂರೋಪಿನಲ್ಲಿ ನೆರವು ಬೇಕಿತ್ತು. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಚೆಕೊಸ್ಲೊವಾಕಿಯಾಕ್ಕೆ ನುಗ್ಗಿದಾಗ, ಈ ಸಂಘಟನೆಯ ಕಾರ್ಯಕರ್ತರು ಮಾಸ್ಕೋ, ವಾರ್ಸಾ, ಬುಡಾಪೆಸ್ಟ್, ಸೋಫಿಯಾ ನಗರಗಳಿಗೆ ಹೋಗಿ ಒಂದೇ ದಿನ ಬೀದಿಯಲ್ಲಿ ನಿಂತು ಕರಪತ್ರ ಹಂಚಿದರು. ಅಮೆರಿಕವನ್ನು ಬಯ್ಯುವುದು ಸುಲಭವಾಗಿದ್ದ ಯೂರೋಪಿನ ಎಡಪಂಥೀಯ ವಲಯದಲ್ಲಿ ಎರಡೂ ಕಡೆಯ ಟ್ಯಾಂಕುಗಳನ್ನು ಒಂದೇ ಕಣ್ಣಿನಿಂದ ನೋಡುವುದಕ್ಕೆ ಎದೆಗಾರಿಕೆ ಬೇಕಿತ್ತು. ಆ ದಿನಗಳಲ್ಲಿ ಕಚೇರಿಯ ಹೊಣೆ ಹೊತ್ತಿದ್ದವರು ಸೇವಾಗ್ರಾಮದ ಈ ಚಿತ್ರದ ಮೇಷ್ಟರು. 1972ರವರೆಗೆ ಕಾರ್ಯದರ್ಶಿಯಾಗಿ, ಆಮೇಲೆ 1975ರವರೆಗೆ ಅಧ್ಯಕ್ಷರಾಗಿ ದುಡಿದರು. ಸಂಘಟನೆಯ ಚರಿತ್ರೆಯನ್ನೂ ಅವರೇ ಬರೆದರು, 2005ರಲ್ಲಿ ದೊಡ್ಡ ಪುಸ್ತಕವಾಗಿ ಬಂತು.

ಲಂಡನ್ನಿನಲ್ಲೂ ಮಣ್ಣು ಬಿಡಲಿಲ್ಲ. ಇಂಗ್ಲೆಂಡಿನಲ್ಲಿ ಬರ್ನಾರ್ಡ್ ಲೀಚ್ ತಯಾರು ಮಾಡಿದ್ದ ಸ್ಟುಡಿಯೋ ಪಾಟರಿಯ ವಾತಾವರಣ ಆಗಲೇ ಗಟ್ಟಿಯಾಗಿತ್ತು. ಲೀಚ್ ಕೂಡ ಮೊದಲು ಚಿತ್ರಕಾರರೇ. 1909ರಲ್ಲಿ ಎಚಿಂಗ್ ಎಂಬ ಅಚ್ಚುಚಿತ್ರದ ಕಲೆ ಕಲಿಸಲೆಂದು ಜಪಾನಿಗೆ ಹೋಗಿ, ಅಲ್ಲಿ ಕುಂಬಾರಿಕೆಗೆ ಮರುಳಾಗಿ, 1920ರಲ್ಲಿ ಜಪಾನಿನ ಕುಂಬಾರ ಹಮಾದಾ ಶೋಜಿಯ ಜೊತೆ ಇಂಗ್ಲೆಂಡಿನ ಸೇಂಟ್ ಐವ್ಸ್ ಊರಿನಲ್ಲಿ ಭಟ್ಟಿ ಕಟ್ಟಿದವರು. ಕಾಗದಕ್ಕೆ ಪಳಗಿದ ಕೈ ಮಣ್ಣಿಗೆ ಇಳಿದ ಇನ್ನೊಂದು ದೊಡ್ಡ ಉದಾಹರಣೆ. ಆದರೆ ಇಬ್ಬರ ನಡುವೆ ನನಗೆ ಕಾಣುವ ವ್ಯತ್ಯಾಸವನ್ನು ಹೇಳಿಬಿಡುತ್ತೇನೆ. ಲೀಚ್ ಪೂರ್ವ ಪಶ್ಚಿಮಗಳನ್ನು ಪಾತ್ರೆಯಲ್ಲಿ ಬೆಸೆಯಬೇಕೆಂದು ಹಂಬಲಿಸಿದರು. ದೇವಿ ಪ್ರಸಾದರಿಗೆ ಪಾತ್ರೆಯೇ ಕೊನೆಯ ಗುರಿಯಾಗಿರಲಿಲ್ಲ, ಪಾತ್ರೆ ಮಾಡುವ ಮನುಷ್ಯ ಹೇಗಿರುತ್ತಾನೆ ಎಂಬುದು ಅವರ ಚಿಂತೆ. ತನ್ನ ಕೈಯಿಂದ ಒಂದು ವಸ್ತುವನ್ನು ಮೊದಲಿನಿಂದ ಕೊನೆಯವರೆಗೆ ಮಾಡಿ ಮುಗಿಸಿದ ಮಗುವಿಗೆ ಒಡೆಯುವ ಚಪಲ ಕಡಿಮೆ ಎಂದು ಅವರು ನಂಬಿದ್ದರು. ಕಲಾಶಿಕ್ಷಣ ಮತ್ತು ಶಾಂತಿ ಅವರ ಬರಹದಲ್ಲಿ ಜೊತೆಜೊತೆಗೇ ಬರುವುದು ಇದೇ ಕಾರಣಕ್ಕೆ. ಇದು ಸಾಬೀತಾದ ಸತ್ಯವೇ ಎಂದು ಕೇಳುವವರಿಗೆ ನನ್ನ ಬಳಿ ಅಂಕಿಅಂಶವಿಲ್ಲ. ಮಕ್ಕಳ ಕೈಗೆ ಮಣ್ಣು ಕೊಟ್ಟು ಪಕ್ಕದಲ್ಲಿ ಕೂತು ನೋಡಿದವರು ಯಾರೂ ಇದನ್ನು ಅಲ್ಲಗಳೆದದ್ದನ್ನು ನಾನು ಕೇಳಿಲ್ಲ.

1980ರ ದಶಕದಲ್ಲಿ ಅವರು ಭಾರತಕ್ಕೆ ಮರಳಿ ದೆಹಲಿಯಲ್ಲಿ ನೆಲೆಸಿದರು. ವಿಶ್ವಭಾರತಿ ತನ್ನ ಹಳೆಯ ವಿದ್ಯಾರ್ಥಿಗೆ ದೇಶಿಕೋತ್ತಮ ಪದವಿ ಕೊಟ್ಟಿತು, ಲಲಿತ ಕಲಾ ಅಕಾಡೆಮಿ ತನ್ನ ರತ್ನ ಗೌರವ ಕೊಟ್ಟಿತು. 2010ರಲ್ಲಿ ಅಕಾಡೆಮಿಯಲ್ಲಿ ಕಲಾ ಇತಿಹಾಸಕಾರ ನಮನ್ ಅಹುಜಾ ದೇವಿ ಪ್ರಸಾದರ ಇಡೀ ಬದುಕಿನ ಕೆಲಸವನ್ನು ಒಂದೆಡೆ ತಂದು ಪ್ರದರ್ಶನ ಏರ್ಪಡಿಸಿದರು. ಅದರ ಬೆನ್ನಿಗೆ ಪುಸ್ತಕವೂ ಬಂತು. ಅವರಿಗೆ ಆಗ 89ರ ಹತ್ತಿರ. ತೊಂಬತ್ತನೇ ವರ್ಷದಲ್ಲಿ, 2011ರ ಜೂನ್ 1ರಂದು ತೀರಿಕೊಂಡರು.

ಅವರ ಚಿತ್ರಗಳಿಗಿಂತ ಪಾತ್ರೆಗಳೇ ಮಿಗಿಲು ಎಂದು ನನ್ನ ತೀರ್ಮಾನ. ಚಿತ್ರಗಳಲ್ಲಿ ಗುರು ನಂದಲಾಲರ ನೆರಳು ದಟ್ಟವಾಗಿದೆ, ಅದು ಒಳ್ಳೆಯ ನೆರಳೇ. ಪಾತ್ರೆಯ ಮೇಲೆ ಮಾತ್ರ ಯಾರ ನೆರಳೂ ಇಲ್ಲದ ಕೈ ಕಾಣುತ್ತದೆ. ಆದರೂ ಚಿತ್ರ ಬರೆದಿರದಿದ್ದರೆ ಆ ಪಾತ್ರೆಗಳೂ ಇರುತ್ತಿರಲಿಲ್ಲ. ಅವರ ಗೆಲುವು ಇನ್ನೂ ಒಂದು ಕಡೆ ಇದೆ. ಅದು ನಮಗೆ ಅಷ್ಟಾಗಿ ಗೊತ್ತಿಲ್ಲ: ಶಿಕ್ಷಣಕ್ಕೆ ಕಲೆಯೇ ತಳಹದಿ ಎಂದು ವಾದಿಸುವ ಅವರ ಪುಸ್ತಕ. ನ್ಯಾಷನಲ್ ಬುಕ್ ಟ್ರಸ್ಟ್ 1998ರಲ್ಲಿ ಅದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿತು. ಮಗುವಿನ ಚಿತ್ರಕ್ಕೆ ದೊಡ್ಡವರು ಕೈ ಹಾಕಬಾರದು, ನಕಲು ಮಾಡಿಸಬಾರದು, ಸರಿ ತಪ್ಪು ಎಂದು ಅಂಕ ಕೊಡಬಾರದು ಎಂಬುದು ಅದರ ಬೆನ್ನೆಲುಬು. ಬಣ್ಣವನ್ನು ಬೆಂಕಿಗೆ ಬಿಟ್ಟುಕೊಡಲು ಕಲಿತ ಮೇಷ್ಟರು ಕಾಗದವನ್ನು ಮಗುವಿಗೆ ಬಿಟ್ಟುಕೊಡದೆ ಇರುತ್ತಾರೆಯೇ?

ನಮ್ಮ ಶಾಲೆಗಳ ಚಿತ್ರಕಲೆಯ ತಾಸನ್ನು ನೆನೆಸಿಕೊಳ್ಳಿ. ಬೋರ್ಡಿನ ಮೇಲೆ ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಒಂದು ತೆಂಗಿನಮರ, ಒಂದು ಗುಡಿಸಲು, ಗುಡಿಸಲಿನ ಮುಂದೆ ಹರಿಯುವ ನದಿ. ಹಸಿರು ಗುಡ್ಡ ಕಾಣದ ರಾಯಚೂರು, ವಿಜಯಪುರದ ಬಯಲುಸೀಮೆಯ ಮಕ್ಕಳೂ ಅದೇ ಗುಡ್ಡ ಬರೆದು, ಅದಕ್ಕೆ ಹಸಿರು ಬಳಿದು ದೊಡ್ಡವರಾದರು. ಈಗ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರೇ ಇಲ್ಲ. ಇರುವವರಿಗೂ ಜನಗಣತಿ, ಬಿಸಿಯೂಟದ ಲೆಕ್ಕ ಬರೆಯುವುದರಲ್ಲಿ ವರ್ಷ ಕಳೆಯುತ್ತದೆ. ಬಣ್ಣದ ಡಬ್ಬಿಗೆ ಅನುದಾನ ಬರಲಿ ಎಂದು ಕಾದರೆ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸಿರುತ್ತಾರೆ. ಮಣ್ಣಿಗೆ ಅನುದಾನ ಬೇಕಿಲ್ಲ. ಬೇಸಿಗೆಯಲ್ಲಿ ಊರ ಕೆರೆಯ ಹೂಳೆತ್ತಿ ಟ್ರ್ಯಾಕ್ಟರುಗಳಲ್ಲಿ ಹೊಲಕ್ಕೆ ಸಾಗಿಸುತ್ತಾರಲ್ಲ, ಶಾಲಾಭಿವೃದ್ಧಿ ಸಮಿತಿ ಎಸ್‌ಡಿಎಂಸಿಯವರು ಮನಸ್ಸು ಮಾಡಿದರೆ ಒಂದು ಲೋಡು ಜೇಡಿಮಣ್ಣನ್ನು ಶಾಲೆಯ ಹಿತ್ತಲಿಗೂ ಸುರಿಸಬಹುದು. ಯಾವ ಮಣ್ಣು ಬಿರಿಯುತ್ತದೆ, ಯಾವುದಕ್ಕೆ ಎಷ್ಟು ಮರಳು ಬೆರೆಸಬೇಕು ಎಂದು ಹೇಳಲು ಊರಲ್ಲಿ ಇನ್ನೂ ಕುಂಬಾರರ ಮನೆಯಿದ್ದರೆ, ಅವರನ್ನು ವಾರಕ್ಕೊಮ್ಮೆ ಶಾಲೆಗೆ ಕರೆಯಿರಿ. ಮಕ್ಕಳು ಅವರನ್ನೂ ಮೇಷ್ಟ್ರೇ, ಟೀಚರ್ ಎಂದೇ ಕೂಗಲಿ. ಬಂದ ದಿನದ ಗೌರವಧನವನ್ನು ಪಂಚಾಯಿತಿ ಅಂದೇ ಅವರ ಕೈಗಿಡಲಿ.